ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ? ಪೂರ್ಣಾಂಕಗಳ ಗುಣಾಕಾರ, ಭಾಗಾಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳನೇ ತರಗತಿಯ ಮಕ್ಕಳು, ಅವರಿಗೆ ಸಂಜೆ ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮ, ಪಿಯುಸಿ ಮುಗಿದ ಮೇಲೂ ಚಿಹ್ನೆಯಲ್ಲಿ ಎಡವುವವರು, ಎಲ್ಲರೂ ಕೇಳುವುದು ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು. ನಿಯಮ ಎಲ್ಲರಿಗೂ ಬಾಯಿಪಾಠ. ತೊಂದರೆ ಇರುವುದು ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅನ್ನುವುದರಲ್ಲಿ. ಅದಕ್ಕೇ ಇಲ್ಲಿ ನಿಯಮಕ್ಕಿಂತ ಕಾರಣಕ್ಕೆ ಜಾಸ್ತಿ ಜಾಗ ಸಿಕ್ಕಿದೆ.

ಪೂರ್ಣಾಂಕ ಅಂದರೆ ಯಾವ್ಯಾವ ಸಂಖ್ಯೆಗಳು?

…, −3, −2, −1, 0, 1, 2, 3, … ಇಷ್ಟೇ. ಎರಡೂ ಕಡೆ ಕೊನೆಯಿಲ್ಲ. ಭಿನ್ನರಾಶಿ, ದಶಮಾಂಶ ಇದರಲ್ಲಿ ಬರುವುದಿಲ್ಲ. ಸೊನ್ನೆ ಧನವೂ ಅಲ್ಲ, ಋಣವೂ ಅಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಎರಡು ಕಡೆ ಬೇಕಾಗುತ್ತದೆ.

ನಿಯಮವನ್ನು ಚಿಕ್ಕದಾಗಿ ಹೇಳಿಬಿಡಿ.

ಎರಡು ಸಂಖ್ಯೆಗಳ ಚಿಹ್ನೆ ಒಂದೇ ಆಗಿದ್ದರೆ ಉತ್ತರ ಪ್ಲಸ್. ಬೇರೆ ಬೇರೆ ಆಗಿದ್ದರೆ ಉತ್ತರ ಮೈನಸ್. ಗುಣಾಕಾರಕ್ಕೂ ಇದೇ, ಭಾಗಾಕಾರಕ್ಕೂ ಇದೇ. ಮೊದಲು ಚಿಹ್ನೆ ತೀರ್ಮಾನಿಸಿ, ಆಮೇಲೆ ಮಗ್ಗಿ ನೆನಪಿಸಿಕೊಳ್ಳಿ.

7 × 4 = 28
7 × (−4) = −28
(−7) × 4 = −28
(−7) × (−4) = 28

ಕೂಡುವುದಕ್ಕೆ, ಕಳೆಯುವುದಕ್ಕೆ ಈ ನಿಯಮ ಇಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿ. ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿ ಬೀಳುವುದು ಬಹುತೇಕ ಇದನ್ನು ಮರೆತ ಕಡೆಯೇ.

3 × (−2) ಎಂದರೆ −6. ಇದು ಸರಿ. ಆದರೆ (−3) × 2 ಹೇಗೆ? ಮೈನಸ್ ಮೂರು ಸಲ ಅಂತ ಯಾರಾದರೂ ಕೂಡುತ್ತಾರಾ?

3 × (−2) ಅನ್ನುವುದನ್ನು ಮೂರು ಸಲ ಕೂಡಿದರಾಯಿತು: (−2) + (−2) + (−2) = −6. ಇದರಲ್ಲಿ ಯಾರಿಗೂ ತಕರಾರಿಲ್ಲ.

(−3) × 2 ಬಂದಾಗ “ಮೈನಸ್ ಮೂರು ಸಲ” ಅನ್ನುವುದಕ್ಕೆ ಅರ್ಥವೇ ಇಲ್ಲ. ನಿಮ್ಮ ಅನುಮಾನ ಸರಿಯಾಗಿದೆ. ಆದರೆ 4 × 5 ಮತ್ತು 5 × 4 ಎರಡೂ 20 ಎನ್ನುವುದು ಒಂದನೇ ತರಗತಿ ದಾಟಿದಾಗಿನಿಂದ ನಮಗೆ ಗೊತ್ತು. ಆ ಗುಣ ಋಣ ಸಂಖ್ಯೆಗಳಿಗೂ ಉಳಿಯಲಿ ಅಂತ ನಾವು ಬಯಸುತ್ತೇವೆ. ಹಾಗಾಗಿ (−3) × 2 ಅನ್ನು 2 × (−3) ಅಂತ ತಿರುಗಿಸಿ ಓದುತ್ತೇವೆ. ಎರಡು ಸಲ −3, ಅಂದರೆ −6.

“ಬಯಸುತ್ತೇವೆ” ಅನ್ನುವ ಪದ ಬೇಕಂತಲೇ ಬಳಸಿದ್ದೇನೆ. ಋಣ ಸಂಖ್ಯೆಗಳ ಗುಣಾಕಾರ ಆಕಾಶದಿಂದ ಇಳಿದು ಬಂದದ್ದಲ್ಲ. ಹಳೆಯ ಸಂಖ್ಯೆಗಳಿಗೆ ಇದ್ದ ಕಾನೂನು ಹೊಸ ಸಂಖ್ಯೆಗಳಿಗೂ ನಡೆಯಲಿ ಎಂದು ಹಟ ಹಿಡಿದರೆ ಉತ್ತರ ಏನಾಗಲೇಬೇಕೋ ಅದೇ ಈ ನಿಯಮ.

ಸರಿ, ಅಸಲಿ ಪ್ರಶ್ನೆಗೆ ಬನ್ನಿ. ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್?

ಮೊದಲು ಕಣ್ಣಿಗೆ ಕಾಣುವ ದಾರಿ. ಮೈನಸ್ ಎರಡರ ಮಗ್ಗಿಯನ್ನು ಮೇಲಿಂದ ಕೆಳಗೆ ಬರೆಯಿರಿ.

3 × (−2) = −6
2 × (−2) = −4
1 × (−2) = −2
0 × (−2) = 0

ಎಡಗಡೆಯ ಸಂಖ್ಯೆ ಒಂದೊಂದೇ ಇಳಿಯುತ್ತಿದೆ. ಉತ್ತರ ಪ್ರತಿ ಸಾಲಿಗೂ 2 ಏರುತ್ತಿದೆ: −6, −4, −2, 0. ಈಗ ಎಡಗಡೆ ಇನ್ನೊಂದು ಇಳಿಸಿ. (−1) × (−2) ಎಷ್ಟು? ಏರಿಕೆ ಹಾಗೇ ಮುಂದುವರಿದರೆ 2. ಅದರ ಮುಂದಿನದು 4, ಆಮೇಲೆ 6. ಮಗ್ಗಿ ಸೊನ್ನೆ ದಾಟಿದ ತಕ್ಷಣ ದಿಕ್ಕು ಬದಲಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಮಕ್ಕಳಿಗೆ ಇಷ್ಟು ಸಾಕಾಗುತ್ತದೆ. ಆದರೆ ಚುರುಕಿನ ಹುಡುಗಿಯೊಬ್ಬಳು “ಮುಂದುವರಿಯಲೇಬೇಕು ಅಂತ ಯಾರು ಹೇಳಿದ್ದು?” ಅಂತ ಕೇಳಿದರೆ ಇದು ಉತ್ತರವಾಗುವುದಿಲ್ಲ. ಅವಳಿಗೆ ಎರಡನೇ ದಾರಿ ತೋರಿಸಿ.

2 + (−2) = 0. ಇದು ಎಲ್ಲರಿಗೂ ಗೊತ್ತು. ಎರಡೂ ಕಡೆ −3 ರಿಂದ ಗುಣಿಸೋಣ.

(−3) × [2 + (−2)] = (−3) × 0 = 0

ಬ್ರಾಕೆಟ್ಟಿನ ಹೊರಗಿರುವ ಸಂಖ್ಯೆ ಒಳಗಿನ ಎರಡನ್ನೂ ಗುಣಿಸಬೇಕು. ಪಾಠದಲ್ಲಿ ಇದನ್ನು ವಿಭಾಜಕ ನಿಯಮ ಅನ್ನುತ್ತಾರೆ. ಹಾಗೆ ಬಿಡಿಸಿದರೆ:

(−3) × 2 + (−3) × (−2) = 0

ಮೊದಲ ತುಂಡು −6 ಅಂತ ಆಗಲೇ ಒಪ್ಪಿಕೊಂಡಿದ್ದೇವೆ. ಹಾಗಾದರೆ −6 ಕ್ಕೆ ಏನು ಕೂಡಿದರೆ ಸೊನ್ನೆ ಬರುತ್ತದೆ? 6 ಮಾತ್ರ. ಬೇರೆ ಯಾವ ಸಂಖ್ಯೆಯೂ ಆಗುವುದಿಲ್ಲ. ಆದ್ದರಿಂದ (−3) × (−2) = 6.

ಇನ್ನೂ ನಂಬಿಕೆ ಬರದಿದ್ದರೆ ಉಲ್ಟಾ ಮಾಡಿ ನೋಡಿ. ಮೈನಸ್ ಇಂಟು ಮೈನಸ್ ಕೂಡ ಮೈನಸ್ಸೇ ಇರಲಿ ಅಂತ ನಾವೇ ಕಾನೂನು ಮಾಡೋಣ. ಆಗ ಮೇಲಿನ ಸಾಲು −6 + (−6) = 0 ಆಗುತ್ತದೆ. ಅಂದರೆ −12 ಮತ್ತು 0 ಒಂದೇ! ಬ್ರಾಕೆಟ್ ಬಿಡಿಸುವ ನಿಯಮ ಬಿಡಬೇಕು, ಇಲ್ಲವೇ ಸೊನ್ನೆಯನ್ನು ಬಿಡಬೇಕು. ಎರಡನ್ನೂ ಇಟ್ಟುಕೊಳ್ಳಬೇಕೆಂದರೆ ಪ್ಲಸ್ ಬಿಟ್ಟು ಬೇರೆ ದಾರಿಯಿಲ್ಲ.

ಇದು ನಿಜವಾಗಿ ಎಲ್ಲಾದರೂ ಕಾಣುತ್ತದಾ?

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ ಅಂತ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ, ಮಟ್ಟ ದಿನಕ್ಕೆ 2 ಅಡಿ ಇಳಿಯುತ್ತಿದೆ, ಇವತ್ತು 110 ಅಡಿ ಇದೆ ಎಂದಿಟ್ಟುಕೊಳ್ಳಿ. ಇಳಿಯುವುದು −2. ಮುಂದಿನ ದಿನಗಳು ಪ್ಲಸ್, ಹಿಂದಿನ ದಿನಗಳು ಮೈನಸ್.

ಮೂರು ದಿನ ಬಿಟ್ಟು: 3 × (−2) = −6. ಮಟ್ಟ 104 ಅಡಿ.

ಮೂರು ದಿನದ ಹಿಂದೆ: (−3) × (−2) = 6. ಮಟ್ಟ ಈಗಿನದಕ್ಕಿಂತ 6 ಅಡಿ ಮೇಲಿತ್ತು, 116 ಅಡಿ. ಇಳಿಯುತ್ತಿರುವ ನೀರು ಮೊನ್ನೆ ಮೇಲೇ ಇದ್ದಿರಬೇಕು ಅಲ್ವಾ? ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ.

ಕೊಡಗಿನಲ್ಲಿ ಮಳೆ ಜೋರಾಗಿ, ಮಟ್ಟ ದಿನಕ್ಕೆ 2 ಅಡಿ ಏರುವ ಕಾಲದಲ್ಲಿ (−3) × 2 = −6. ಮೂರು ದಿನದ ಹಿಂದೆ 6 ಅಡಿ ಕಮ್ಮಿ ಇತ್ತು.

ಗಮನಿಸಿ: ಇಲ್ಲಿ ಒಂದು ಸಂಖ್ಯೆ ದಿನ, ಇನ್ನೊಂದು ದಿನಕ್ಕೆ ಇಷ್ಟು ಅಡಿ. ಗುಣಿಸುವ ಎರಡೂ ಒಂದೇ ಜಾತಿಯವಲ್ಲ. ಮುಂದಿನ ಪ್ರಶ್ನೆಗೆ ಇದೇ ಕೀಲಿಕೈ.

ಸಾಲ ಇಂಟು ಸಾಲ ಹೇಗೆ ಆಸ್ತಿ ಆಗುತ್ತದೆ?

ಆಗುವುದಿಲ್ಲ. ಈ ಪ್ರಶ್ನೆಯಿಂದ ತಲೆ ಕೆಡಿಸಿಕೊಂಡವರಲ್ಲಿ ನೀವು ಮೊದಲಿಗರಲ್ಲ. ಫ್ರೆಂಚ್ ಕಾದಂಬರಿಕಾರ ಸ್ಟೆಂಡಾಲ್ ತನ್ನ ಬಾಲ್ಯದ ನೆನಪುಗಳಲ್ಲಿ ಇದನ್ನೇ ಬರೆದುಕೊಂಡಿದ್ದಾನೆ. ಹತ್ತು ಸಾವಿರ ಫ್ರಾಂಕ್ ಸಾಲವನ್ನು 500 ಫ್ರಾಂಕ್ ಸಾಲದಿಂದ ಗುಣಿಸಿದರೆ ಮನುಷ್ಯನಿಗೆ ಐವತ್ತು ಲಕ್ಷ ಫ್ರಾಂಕ್ ಆಸ್ತಿ ಹೇಗೆ ಬರುತ್ತದೆ ಎನ್ನುವುದು ಅವನ ತಕರಾರು. ಅವನಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲವಂತೆ.

ತಪ್ಪು ಮೈನಸ್ಸಿನದ್ದಲ್ಲ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸುವುದೇ ಅರ್ಥವಿಲ್ಲದ ಕೆಲಸ. 100 ರೂಪಾಯಿ ಇಂಟು 5 ರೂಪಾಯಿ ಎಷ್ಟು? ಪ್ಲಸ್ ಇದ್ದರೂ ಉತ್ತರವಿಲ್ಲ. ಸಾಲದ ಉದಾಹರಣೆ ಕೊಡಲೇಬೇಕೆಂದರೆ ಹೀಗೆ ಕೊಡಿ: ತಿಂಗಳಿಗೆ 500 ರೂಪಾಯಿಯ ಕಂತು, ಅಂದರೆ −500. ಸಂಘದವರು ನಾಲ್ಕು ಕಂತು ಮನ್ನಾ ಮಾಡಿದರು, ಅಂದರೆ ನಾಲ್ಕು ಕಂತು ತೆಗೆದರು, −4. (−4) × (−500) = 2000. ನಿಮ್ಮ ಕೈಯಲ್ಲಿ 2000 ರೂಪಾಯಿ ಉಳಿಯಿತು.

“ಮೈನಸ್ ಮೈನಸ್ ಪ್ಲಸ್” ಅಂತ ಟೀಚರ್ ಹೇಳಿದ್ದಾರೆ. ಹಾಗಾದರೆ −5 − 3 = +8 ಅಲ್ವಾ?

ಅಲ್ಲ. −8.

ಇಡೀ ಪಾಠದಲ್ಲಿ ಅತಿ ಹೆಚ್ಚು ಅಂಕ ನುಂಗುವುದು ಈ ತಪ್ಪು. ಇದಕ್ಕೆ ಮಕ್ಕಳನ್ನು ಬೈಯುವುದು ಸರಿಯಲ್ಲ. ನಾವು ಹೇಳಿಕೊಡುವ ಮಂತ್ರವೇ ಅರ್ಧ. “ಮೈನಸ್ ಇಂಟು ಮೈನಸ್ ಪ್ಲಸ್” ಅನ್ನುವುದರಲ್ಲಿ ಮುಖ್ಯವಾದ ಪದ “ಇಂಟು”. ಬಾಯಲ್ಲಿ ತಿರುಗಿ ತಿರುಗಿ ಅದೇ ಸವೆದುಹೋಗುತ್ತದೆ. ಉಳಿಯುವುದು “ಮೈನಸ್ ಮೈನಸ್ ಪ್ಲಸ್”. ಆಮೇಲೆ ಒಂದೇ ಸಾಲಿನಲ್ಲಿ ಎರಡು ಮೈನಸ್ ಕಂಡ ಕಡೆಯೆಲ್ಲ ಪ್ಲಸ್ ಹಾಕುತ್ತಾರೆ.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ:

−5 − 3 = −8
−5 + (−3) = −8
−5 − (−3) = −2
(−5)(−3) = 15

ಮೊದಲನೆಯದು ಸಂಖ್ಯಾರೇಖೆಯ ಮೇಲೆ −5 ರಲ್ಲಿ ನಿಂತು ಇನ್ನೂ 3 ಹೆಜ್ಜೆ ಎಡಕ್ಕೆ ಹೋಗುವುದು. ಎಡಕ್ಕೆ ಹೋದವನು +8 ತಲುಪಲು ಸಾಧ್ಯವೇ ಇಲ್ಲ. ಕೊನೆಯದರಲ್ಲಿ ಇಂಟು ಗುರುತು ಬರೆದಿಲ್ಲ, ಆದರೂ ಬ್ರಾಕೆಟ್ಟಿಗೆ ಬ್ರಾಕೆಟ್ ಅಂಟಿಕೊಂಡಿದ್ದರೆ ಅದು ಗುಣಾಕಾರ.

ಮೂರನೆಯದರಲ್ಲಿ −(−3) ಇದೆ. ಇಲ್ಲಿ ಎರಡು ಮೈನಸ್ ಒಂದೇ ಸಂಖ್ಯೆಯ ಮುಂದೆ ಕೂತಿವೆ, ನಡುವೆ ಬ್ರಾಕೆಟ್ ಮಾತ್ರ. ಇದನ್ನು (−1) × (−3) ಅಂತ ಓದಬಹುದು. ಆದ್ದರಿಂದ ಇದು +3 ಆಗುತ್ತದೆ. −5 − 3 ರಲ್ಲಿ ಒಂದು ಮೈನಸ್ 5 ರದ್ದು, ಇನ್ನೊಂದು 3 ರದ್ದು. ಅವೆರಡಕ್ಕೂ ಪರಸ್ಪರ ಸಂಬಂಧವಿಲ್ಲ.

ಟೀಚರ್‌ಗಳಿಗೆ ಒಂದು ಮಾತು. ಮಂತ್ರವನ್ನು ಪೂರ್ತಿ ಹೇಳಿಸಿ, “ಇಂಟು” ಜೋರಾಗಿ ಹೇಳಿಸಿ. ಇನ್ನೂ ಒಳ್ಳೆಯದೆಂದರೆ ಮಂತ್ರವನ್ನೇ ಬಿಟ್ಟು “ಚಿಹ್ನೆ ಒಂದೇ ಇದ್ದರೆ, ಗುಣಿಸಿದಾಗ ಪ್ಲಸ್” ಅಂತ ಹೇಳಿಸಿ.

7 − 2(−4) ಎಷ್ಟು? ನನಗೆ −20 ಬರುತ್ತಿದೆ.

15. ನೀವು 7 − 2 ಅನ್ನು ಮೊದಲು ಮಾಡಿ 5 ತಂದಿದ್ದೀರಿ. ಗುಣಾಕಾರ ಮೊದಲು: 2 ಅನ್ನು −4 ರಿಂದ ಗುಣಿಸಿದರೆ −8. ಆಮೇಲೆ 7 − (−8) = 7 + 8 = 15.

ಇದರ ಅಣ್ಣ ಇನ್ನೊಬ್ಬನಿದ್ದಾನೆ: 7 − 2(10 − 4). ಒಳಗಿನದನ್ನು ಮೊದಲು ಮಾಡಿದರೆ 7 − 12 = −5. ಬ್ರಾಕೆಟ್ ಬಿಡಿಸಿದರೂ ಅದೇ ಬರಬೇಕು: 7 − 20 + 8 = −5. ತುಂಬ ಜನ 7 − 20 − 8 ಅಂತ ಬರೆದು −21 ತರುತ್ತಾರೆ. ಹೊರಗಿನ −2 ಒಳಗಿನ −4 ಅನ್ನೂ ಮುಟ್ಟಬೇಕು, ಅದು +8 ಆಗಬೇಕು. ಬೀಜೋಕ್ತಿ ಶುರುವಾದ ಮೇಲೆ ಈ ತಪ್ಪು ದಿನಾ ಕಾಡುತ್ತದೆ. ಸಂಖ್ಯೆಗಳಲ್ಲಿರುವಾಗಲೇ ಸರಿಮಾಡಿಕೊಂಡರೆ ಒಳ್ಳೆಯದು.

ಮೂರು, ನಾಲ್ಕು, ಹತ್ತು ಮೈನಸ್ ಬಂದರೆ?

ಮೈನಸ್ ಇರುವ ಸಂಖ್ಯೆಗಳನ್ನು ಎಣಿಸಿ. ಎಣಿಕೆ ಸಮ ಸಂಖ್ಯೆಯಾದರೆ ಉತ್ತರ ಪ್ಲಸ್, ಬೆಸ ಸಂಖ್ಯೆಯಾದರೆ ಮೈನಸ್. ಎರಡೆರಡು ಮೈನಸ್ ಜೋಡಿಯಾಗಿ ಪ್ಲಸ್ ಆಗುತ್ತವೆ. ಬೆಸ ಇದ್ದರೆ ಒಂದು ಒಂಟಿಯಾಗಿ ಉಳಿಯುತ್ತದೆ, ಅಷ್ಟೇ.

(−2) × (−3) × (−5) = −30
(−1)¹⁰⁰ = 1
(−1)¹⁰¹ = −1

ಪರೀಕ್ಷೆಯಲ್ಲಿ ಇಲ್ಲೊಂದು ಹಳೆಯ ಕಿತಾಪತಿ ಇದೆ. “−5 ರಿಂದ 5 ರವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧ ಎಷ್ಟು?” ಮಕ್ಕಳು ಮೈನಸ್ ಎಣಿಸುತ್ತಾ ಕೂರುತ್ತಾರೆ. ನಡುವೆ ಸೊನ್ನೆ ಇದೆ. ಉತ್ತರ ಸೊನ್ನೆ.

−3² ಮತ್ತು (−3)² ಬೇರೆ ಬೇರೆಯಾ?

ಬೇರೆ. (−3)² ಅಂದರೆ (−3) × (−3) = 9. −3² ಅಂದರೆ ಮೊದಲು 3 ರ ವರ್ಗ, ಆಮೇಲೆ ಅದರ ಮುಂದೆ ಮೈನಸ್: −9. ಘಾತ ತನಗೆ ಅಂಟಿಕೊಂಡ ಸಂಖ್ಯೆಯನ್ನು ಮಾತ್ರ ಹಿಡಿಯುತ್ತದೆ, ಮುಂದಿನ ಮೈನಸ್ಸನ್ನು ಹಿಡಿಯುವುದಿಲ್ಲ. ಅದನ್ನೂ ಹಿಡಿಯಬೇಕೆಂದರೆ ಬ್ರಾಕೆಟ್ ಹಾಕಬೇಕು.

ಕಂಪ್ಯೂಟರ್ ಹೇಳಿದ್ದೇ ಸರಿ ಅಂತ ನಂಬಿದವರಿಗೆ ಇಲ್ಲೊಂದು ಆಟ. ಎಕ್ಸೆಲ್‌ನಲ್ಲಿ =-3^2 ಅಂತ ಬರೆದರೆ 9 ತೋರಿಸುತ್ತದೆ. ಅದೇ ಎಕ್ಸೆಲ್‌ನಲ್ಲಿ =0-3^2 ಅಂತ ಬರೆದರೆ −9. ಮೊದಲನೆಯದರಲ್ಲಿ ಮೈನಸ್ಸನ್ನು ಸಂಖ್ಯೆಯ ಚಿಹ್ನೆ ಅಂತ ಓದಿ ಮೊದಲೇ ಅಂಟಿಸಿಕೊಳ್ಳುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ -3**2 ಕೊಟ್ಟರೆ ಗಣಿತದ ರೂಢಿಯಂತೆ −9 ಬರುತ್ತದೆ. ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವವರು ಬ್ರಾಕೆಟ್‌ಗೆ ಜಿಪುಣತನ ಮಾಡಬೇಡಿ.

ಭಾಗಾಕಾರಕ್ಕೂ ಅದೇ ಚಿಹ್ನೆಯ ನಿಯಮ ಯಾಕೆ?

ಭಾಗಾಕಾರ ಅಂದರೆ ಗುಣಾಕಾರವನ್ನು ಹಿಂದಿನಿಂದ ಕೇಳುವುದು. (−12) ÷ 4 ಎಷ್ಟು ಅಂದರೆ, 4 ಅನ್ನು ಎಷ್ಟರಿಂದ ಗುಣಿಸಿದರೆ −12 ಬರುತ್ತದೆ ಅಂತ. −3. ಹಾಗೇ:

12 ÷ (−4) = −3, ಯಾಕೆಂದರೆ (−4) × (−3) = 12
(−12) ÷ (−4) = 3, ಯಾಕೆಂದರೆ (−4) × 3 = −12

ಹೊಸ ನಿಯಮ ಕಲಿಯುವುದೇನೂ ಇಲ್ಲ. ಉತ್ತರ ಬಂದ ಮೇಲೆ ಹೀಗೆ ಗುಣಿಸಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಚಿಹ್ನೆ ತಪ್ಪುವುದಿಲ್ಲ.

ಕೆಆರ್‌ಎಸ್ ಲೆಕ್ಕದಲ್ಲೂ ಇದು ಚೆನ್ನಾಗಿ ಕಾಣುತ್ತದೆ. ದಿನಕ್ಕೆ −2 ಅಡಿ. ಮಟ್ಟ ಈಗಿನದಕ್ಕಿಂತ 6 ಅಡಿ ಕೆಳಗೆ ಹೋಗುವುದು ಯಾವಾಗ? (−6) ÷ (−2) = 3, ಮೂರು ದಿನ ಬಿಟ್ಟು. 6 ಅಡಿ ಮೇಲಿದ್ದದ್ದು ಯಾವಾಗ? 6 ÷ (−2) = −3, ಮೂರು ದಿನದ ಹಿಂದೆ. “ಯಾವಾಗ” ಎಂದು ಕೇಳಿದ್ದಕ್ಕೆ ಮೈನಸ್ ಬಂದರೆ ಗಾಬರಿ ಬೇಡ, ಆಗಿಹೋದ ದಿನ ಅಂತ ಅರ್ಥ.

ಒಂದೇ ವ್ಯತ್ಯಾಸ. ಪೂರ್ಣಾಂಕಗಳನ್ನು ಗುಣಿಸಿದರೆ ಯಾವಾಗಲೂ ಪೂರ್ಣಾಂಕವೇ ಬರುತ್ತದೆ. ಭಾಗಿಸಿದರೆ ಬರಲೇಬೇಕೆಂದಿಲ್ಲ. (−7) ÷ 2 ಪೂರ್ಣಾಂಕವಲ್ಲ.

ಭಿನ್ನರಾಶಿಯಲ್ಲಿ ಮೈನಸ್ ಮೇಲಿದ್ದರೆ, ಕೆಳಗಿದ್ದರೆ, ಪಕ್ಕದಲ್ಲಿದ್ದರೆ?

(−3)/4, 3/(−4), −(3/4) ಮೂರೂ ಒಂದೇ. ಬರೆಯುವಾಗ ಛೇದದಲ್ಲಿ ಮೈನಸ್ ಉಳಿಸುವುದಿಲ್ಲ, ಅಂಶಕ್ಕೆ ಹತ್ತಿಸುತ್ತಾರೆ. (−3)/(−4) ಮಾತ್ರ 3/4.

ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ?

0 ÷ (−5) = 0. ಸರಿ, ಯಾಕೆಂದರೆ (−5) × 0 = 0. ಇದಕ್ಕೆ “ಮೈನಸ್ ಸೊನ್ನೆ” ಅಂತ ಬರೆಯುವವರಿದ್ದಾರೆ. ಬೇಡ, ಸೊನ್ನೆಗೆ ಚಿಹ್ನೆ ಇಲ್ಲ.

(−5) ÷ 0 ಗೆ ಉತ್ತರ ಇಲ್ಲ. ಮೇಲೆ ಹೇಳಿದ ಪರೀಕ್ಷೆಯನ್ನೇ ಮಾಡಿ: ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ −5 ಬರುತ್ತದೆ? ಯಾವುದರಿಂದ ಗುಣಿಸಿದರೂ ಬರುವುದಿಲ್ಲ. 0 ÷ 0 ರ ಕಷ್ಟ ಉಲ್ಟಾ. ಅಲ್ಲಿ ಯಾವ ಸಂಖ್ಯೆ ಹಾಕಿದರೂ ಸರಿಹೋಗುತ್ತದೆ. ಒಂದೇ ಉತ್ತರ ಇಲ್ಲದಿದ್ದರೆ ಅದೂ ಉತ್ತರವಲ್ಲ.

ಇದರಲ್ಲಿ ಎಡವಿದವರು ಚಿಕ್ಕವರೇನಲ್ಲ. ಬ್ರಹ್ಮಗುಪ್ತ ಕ್ರಿ.ಶ. 628 ರಲ್ಲಿ ಧನ, ಋಣ, ಸೊನ್ನೆಗಳ ಲೆಕ್ಕಕ್ಕೆ ಸ್ಪಷ್ಟವಾದ ನಿಯಮ ಬರೆದ. ಗುಣಾಕಾರದ ನಿಯಮಗಳು ಇವತ್ತು ನಾವು ಕಲಿಯುವಂಥವೇ. ಆದರೆ 0 ÷ 0 = 0 ಅಂದುಬಿಟ್ಟ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ ಅದನ್ನು ಅನಂತ ಅಂದ. ಭಾಸ್ಕರನ ಉತ್ತರ ಇವತ್ತಿನ ಮೇಷ್ಟ್ರುಗಳ ಬಾಯಲ್ಲೂ ಕೇಳಿಬರುತ್ತದೆ. ಶಾಲೆಯ ಲೆಕ್ಕಕ್ಕೆ “ವ್ಯಾಖ್ಯಾನವಿಲ್ಲ” ಎನ್ನುವುದೇ ಸರಿ.

ಮಹಾವೀರಾಚಾರ್ಯರು ನಮ್ಮ ಕಡೆಯವರಾ? ಋಣ ಸಂಖ್ಯೆಯ ನಿಯಮ ಮೊದಲು ಯಾರು ಬರೆದರು?

ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದ ಶುರುವಿನಲ್ಲೇ ಅಮೋಘವರ್ಷನನ್ನು ಹೊಗಳುತ್ತಾನೆ. ಅದೇ ನಮ್ಮ ರಾಷ್ಟ್ರಕೂಟ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಪುಸ್ತಕ ಸಂಸ್ಕೃತದಲ್ಲಿದೆ. ಎರಡು ಋಣಗಳ ಗುಣಲಬ್ಧ ಧನ ಅಂತ ಅದರಲ್ಲೂ ಇದೆ. ನನಗೆ ಅದಕ್ಕಿಂತ ಹಿಡಿಸುವುದು ಅದರ ಮುಂದಿನ ಮಾತು: ಋಣ ಸಂಖ್ಯೆ ತಾನೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ. ಈ ಪುಟದ ನಿಯಮದಿಂದ ಇದು ನೇರವಾಗಿ ಬರುತ್ತದೆ. 3 × 3 ಕೂಡ 9, (−3) × (−3) ಕೂಡ 9. ಯಾವ ಪೂರ್ಣಾಂಕವನ್ನು ಅದರಿಂದಲೇ ಗುಣಿಸಿದರೂ −9 ಬರುವುದಿಲ್ಲ.

ಮೊದಲು ಯಾರು ಅಂದರೆ ಒಂದೇ ಹೆಸರು ಹೇಳಲಾಗದು. ಚೀನಾದಲ್ಲಿ ಎಣಿಕೆಯ ಕಡ್ಡಿಗಳಿದ್ದವು. 3ನೇ ಶತಮಾನದ ಲಿಯು ಹುಯಿ ಕೆಂಪು ಕಡ್ಡಿ ಧನಕ್ಕೆ, ಕಪ್ಪು ಕಡ್ಡಿ ಋಣಕ್ಕೆ ಎಂದು ಬರೆದಿದ್ದಾನೆ. ನಷ್ಟವನ್ನು ಕೆಂಪಲ್ಲಿ ಬರೆಯುವ ಇವತ್ತಿನ ಬ್ಯಾಂಕಿನವರಿಗೆ ಪೂರ್ತಿ ಉಲ್ಟಾ. ನಮ್ಮ ದೇಶದ ಹಳೆಯ ಗಣಿತದ ಬರಹವಾದ ಬಕ್ಷಾಲಿ ಹಸ್ತಪ್ರತಿಯಲ್ಲಿ ಋಣ ಸಂಖ್ಯೆಯ ಪಕ್ಕ ಇರುವುದು ನಮ್ಮ ಪ್ಲಸ್‌ನಂಥ ಗುರುತು! ಭಾಸ್ಕರಾಚಾರ್ಯ ಸಂಖ್ಯೆಯ ತಲೆಯ ಮೇಲೆ ಚುಕ್ಕಿ ಇಡುತ್ತಿದ್ದ. ಗುರುತು ಯಾವುದಾದರೇನು, ನಿಯಮ ಬದಲಾಗಿಲ್ಲ.

ಯುರೋಪಿನವರು ಇದನ್ನು ಒಪ್ಪಲು ತುಂಬ ಸತಾಯಿಸಿದರು. 1758 ರಲ್ಲೂ ಇಂಗ್ಲೆಂಡಿನ ಫ್ರಾನ್ಸಿಸ್ ಮಾಸೆರೆಸ್ ಋಣ ಸಂಖ್ಯೆಗಳೇ ಬೀಜಗಣಿತಕ್ಕೆ ಬೇಡ ಅಂತ ಒಂದು ಪುಸ್ತಕ ಬರೆದ. ಹಾಗಾಗಿ ನಿಮ್ಮ ಮಗಳಿಗೆ ಎರಡು ದಿನದಲ್ಲಿ ಇದು ಹತ್ತಲಿಲ್ಲ ಅಂದರೆ ಚಿಂತೆ ಬೇಡ.

−7 ಅನ್ನು 2 ರಿಂದ ಭಾಗಿಸಿದರೆ ಶೇಷ ಎಷ್ಟು? ಒಬ್ಬರು 1 ಅನ್ನುತ್ತಾರೆ, ಒಬ್ಬರು −1 ಅನ್ನುತ್ತಾರೆ.

ಗಣಿತದಲ್ಲಿ ಶೇಷ ಋಣ ಆಗುವಂತಿಲ್ಲ ಎನ್ನುವುದು ರೂಢಿ. −7 = 2 × (−4) + 1. ಭಾಗಲಬ್ಧ −4, ಶೇಷ 1. ಅನೇಕರು ಭಾಗಲಬ್ಧ −3 ಅಂದುಕೊಳ್ಳುತ್ತಾರೆ. ಆಗ ಶೇಷ −1 ಆಗಿಬಿಡುತ್ತದೆ.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದು ನಿಜವಾದ ತಲೆನೋವು. ಪೈಥಾನ್‌ನಲ್ಲಿ -7 // 2 ಕೊಟ್ಟರೆ −4, -7 % 2 ಕೊಟ್ಟರೆ 1. ಸಿ ಮತ್ತು ಜಾವಾದಲ್ಲಿ ಭಾಗಲಬ್ಧ −3, ಶೇಷ −1. ಅವು ಸೊನ್ನೆಯ ಕಡೆಗೆ ಕತ್ತರಿಸುತ್ತವೆ, ಪೈಥಾನ್ ಕೆಳಕ್ಕೆ ಇಳಿಸುತ್ತದೆ. ಹಾಗಾಗಿ ಜಾವಾದಲ್ಲಿ “2 ರಿಂದ ಭಾಗಿಸಿದಾಗ ಶೇಷ 1 ಬಂದರೆ ಬೆಸ” ಅಂತ ಬರೆದರೆ, −7 ಬೆಸ ಅಲ್ಲ ಅಂತ ಪ್ರೋಗ್ರಾಂ ಹೇಳುತ್ತದೆ. ಶೇಷ 0 ಅಲ್ಲದಿದ್ದರೆ ಬೆಸ ಅಂತ ಬರೆಯಿರಿ, ಎಲ್ಲ ಕಡೆ ನಡೆಯುತ್ತದೆ.

ಋಣವಲ್ಲದ ಶೇಷದ ಉಪಯೋಗ ನೋಡಬೇಕಾ? ಇವತ್ತು ಸೋಮವಾರ. 100 ದಿನದ ಹಿಂದೆ ಯಾವ ವಾರ? −100 = 7 × (−15) + 5. ಶೇಷ 5. ಸೋಮವಾರದಿಂದ 5 ದಿನ ಮುಂದಕ್ಕೆ ಎಣಿಸಿ: ಶನಿವಾರ. ಕ್ಯಾಲೆಂಡರ್ ತಿರುವಿ ಹಾಕಿ ನೋಡಿ ಬೇಕಾದರೆ.

ನೀಟ್‌ನ ನೆಗೆಟಿವ್ ಮಾರ್ಕಿಂಗ್ ಲೆಕ್ಕ ಇದೇನಾ?

ಇದೇ. ನೀಟ್‌ನಲ್ಲಿ ಸರಿ ಉತ್ತರಕ್ಕೆ +4, ತಪ್ಪಿಗೆ −1. 100 ಸರಿ, 30 ತಪ್ಪು ಆದರೆ 100 × 4 + 30 × (−1) = 370. ಆ ತಪ್ಪುಗಳಲ್ಲಿ 5 ಪ್ರಶ್ನೆ ಮುಟ್ಟದೇ ಬಿಟ್ಟಿದ್ದರೆ? ತಪ್ಪು ಐದು ಕಮ್ಮಿ: (−5) × (−1) = 5. ಅಂಕ 375. ನಮ್ಮ ಕೆಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಅಸಮತೆಯಲ್ಲಿ ಮೈನಸ್‌ನಿಂದ ಗುಣಿಸಿದರೆ ಗುರುತು ತಿರುಗುತ್ತದೆ ಅಂತಾರೆ. ಯಾಕೆ?

2 < 5. ಎರಡೂ ಕಡೆ −1 ರಿಂದ ಗುಣಿಸಿ: −2 ಮತ್ತು −5. ಯಾವುದು ದೊಡ್ಡದು? −2. ಆದ್ದರಿಂದ −2 > −5. ಮೈನಸ್‌ನಿಂದ ಗುಣಿಸುವುದೆಂದರೆ ಇಡೀ ಸಂಖ್ಯಾರೇಖೆಯನ್ನು ಸೊನ್ನೆಯ ಸುತ್ತ ಮಗುಚಿ ಹಾಕಿದಂತೆ. ಬಲಗಡೆ ದೂರ ಇದ್ದವನು ಎಡಗಡೆ ದೂರ ಹೋಗುತ್ತಾನೆ. ಋಣ ಸಂಖ್ಯೆಯಿಂದ ಭಾಗಿಸಿದಾಗಲೂ ಹೀಗೇ.

ಅಭ್ಯಾಸಕ್ಕೆ ಒಂದಿಷ್ಟು ಲೆಕ್ಕ ಕೊಡಿ.

1) (−12) × 5
2) (−84) ÷ (−7)
3) −6 − 9
4) (−2)³ × (−1)¹⁰
5) 20 − 3 × (−4)
6) −4² + (−4)²
7) 36 ÷ (−9) × (−2)

ಉತ್ತರ: −60, 12, −15, −8, 32, 0, 8.

3ನೆಯದಕ್ಕೆ 15 ಬಂದಿದ್ದರೆ “ಮೈನಸ್ ಮೈನಸ್ ಪ್ಲಸ್” ಇನ್ನೂ ಬಿಟ್ಟಿಲ್ಲ, ಆ ಪ್ರಶ್ನೆಗೆ ವಾಪಸ್ ಹೋಗಿ. 5ನೆಯದಕ್ಕೆ −68 ಬಂದಿದ್ದರೆ ಕಳೆಯುವುದನ್ನು ಮೊದಲು ಮಾಡಿದ್ದೀರಿ, 8 ಬಂದಿದ್ದರೆ −12 ರ ಮುಂದಿನ ಮೈನಸ್ ಕಳೆದುಹೋಗಿದೆ. 6ನೆಯದಕ್ಕೆ 32 ಬಂದಿದ್ದರೆ ಬ್ರಾಕೆಟ್ ಇಲ್ಲದ ಕಡೆಯೂ ಮೈನಸ್ಸನ್ನು ವರ್ಗ ಮಾಡಿದ್ದೀರಿ. 7ನೆಯದಕ್ಕೆ 2 ಬಂದಿದ್ದರೆ ಗುಣಾಕಾರ ಮೊದಲು ಮಾಡಿದ್ದೀರಿ. ಗುಣಾಕಾರ, ಭಾಗಾಕಾರ ಎರಡೇ ಇದ್ದಾಗ ಎಡದಿಂದ ಬಲಕ್ಕೆ ಹೋಗಬೇಕು.